ಗಿರ್ ಕಾಡಿನಲ್ಲಿ ಗಂಡು ಸಿಂಹದ ಬಿಡಾರವೇ ಬೇರೆ

ಟಿವಿಯಲ್ಲಿ ನೋಡಿದ ಸಿಂಹದ ಸಂಸಾರ ನೆನಪಿದೆ ಅಲ್ವಾ? ಬಯಲಿನಲ್ಲಿ ಹೆಣ್ಣುಗಳ ದೊಡ್ಡ ಗುಂಪು, ಆಡುವ ಮರಿಗಳು, ಪಕ್ಕದಲ್ಲಿ ತೂಕಡಿಸುವ ಯಜಮಾನ. ಅದು ಆಫ್ರಿಕಾದ ಮಾತು. ಗುಜರಾತಿನ ಗಿರ್ ಕಾಡಿನ ಏಷ್ಯಾದ ಸಿಂಹಗಳು ಹೀಗೆ ಬದುಕುವುದಿಲ್ಲ. ಇಲ್ಲಿ ಗಂಡುಗಳು ಬೇರೆ, ಹೆಣ್ಣು ಮತ್ತು ಮರಿಗಳು ಬೇರೆ. ಬೆದೆಗೆ ಬಂದಾಗ, ಇಲ್ಲವೇ ದೊಡ್ಡ ಬೇಟೆ ಬಿದ್ದಾಗ ಒಟ್ಟಿಗೆ ಕಾಣಿಸಿಕೊಂಡರೆ ಉಂಟು.

ಇದಕ್ಕೆ ಮುಖ್ಯ ಕಾರಣ ಊಟ. ಆಫ್ರಿಕಾದಲ್ಲಿ 200 ಕಿಲೋ ದಾಟುವ ಜೀಬ್ರಾ ಸಿಕ್ಕರೆ ಇಡೀ ಬಳಗದ ಹೊಟ್ಟೆ ತುಂಬುತ್ತದೆ. ಗಿರ್‌ನ ಒಣ ತೇಗದ ಕಾಡಿನಲ್ಲಿ ಜಾಸ್ತಿ ಸಿಗುವುದು ಚುಕ್ಕೆ ಜಿಂಕೆ. ತೂಕ 50 ಕಿಲೋ ಆಸುಪಾಸು. ಅದಕ್ಕೂ ಗಂಡು ಬಂದು ಕೂತರೆ ಮರಿಗಳಿಗೆ ಉಳಿಯುವುದು ಮೂಳೆ ಅಷ್ಟೆ.

ಗಂಡುಗಳು ಹೆಚ್ಚಾಗಿ ಇಬ್ಬಿಬ್ಬರು ಜೊತೆಗೂಡಿ ತಿರುಗುತ್ತವೆ. ಗೆಳೆತನವೇನೋ ಗಟ್ಟಿ, ಆದರೆ ಸಮಪಾಲು ಇಲ್ಲ. ಅದರಲ್ಲೊಬ್ಬ ದೊಡ್ಡಣ್ಣ. ಮಾಂಸದಲ್ಲೂ, ಹೆಣ್ಣಿನ ವಿಷಯದಲ್ಲೂ ಹೆಚ್ಚಿನ ಪಾಲು ಅವನಿಗೇ.

ಹೆಣ್ಣು ಇವರಿಬ್ಬರಿಗಿಂತ ಜಾಣೆ. ಸುತ್ತಮುತ್ತ ಓಡಾಡುವ ಬೇರೆ ಬೇರೆ ಜೋಡಿಗಳ ಜೊತೆ ಕೂಡುತ್ತಾಳೆ. ಪರರ ಮರಿಗಳನ್ನು ಕೊಲ್ಲುವುದು ಗಂಡು ಸಿಂಹದ ಹಳೆಯ ಚಾಳಿ. ಮರಿ ಯಾರದೆಂದೇ ಗೊತ್ತಾಗದಿದ್ದರೆ? ತನ್ನದೂ ಇರಬಹುದು ಎನ್ನುವಂತಿದ್ದರೆ ಯಾವ ಜೋಡಿಯೂ ಅದರ ತಂಟೆಗೆ ಬರುವುದಿಲ್ಲ.

ನೋಡಲೂ ಇವು ಸ್ವಲ್ಪ ಬೇರೆ. ಕೇಸರ ತೆಳು, ಹಾಗಾಗಿ ಕಿವಿ ಎದ್ದು ಕಾಣುತ್ತದೆ. ಹೊಟ್ಟೆಯ ಉದ್ದಕ್ಕೂ ಚರ್ಮದ ಒಂದು ಮಡಿಕೆ ಜೋತಾಡುತ್ತದೆ.

2025ರ ಗಣತಿಯಲ್ಲಿ ಇವು 891. ಖುಷಿಯ ಸುದ್ದಿಯೇ. ಆದರೆ ಅರ್ಧಕ್ಕಿಂತ ಹೆಚ್ಚು ಸಿಂಹಗಳು ಗಿರ್ ಅಭಯಾರಣ್ಯದ ಹೊರಗೆ, ಹೊಲ, ತೋಟ, ಹಳ್ಳಿಗಳ ನಡುವೆ ಇವೆ. ರಾತ್ರಿ ತೆರೆದ ಬಾವಿಗೆ ಬಿದ್ದು ಸತ್ತದ್ದೂ ಇದೆ. ಹಾಗಾಗಿ ಸಾವಿರಾರು ಬಾವಿಗಳಿಗೆ ಕಟ್ಟೆ ಕಟ್ಟಿಸಿದ್ದಾರೆ. ಕಾಡಿನೊಳಗೆ ಎಮ್ಮೆ ಸಾಕುವ ಮಾಲ್ಧಾರಿಗಳಿಗೆ ಸಿಂಹ ದಿನನಿತ್ಯದ ನೆರೆಯವ. ಆಗಾಗ ದನವೊಂದನ್ನು ಕಳೆದುಕೊಂಡೂ ಅವರು ಅಲ್ಲೇ ಇದ್ದಾರೆ.

ನನಗೆ ಹೆದರಿಕೆ ಬಾವಿಯದ್ದಲ್ಲ, ರೋಗದ್ದು. 2018ರಲ್ಲಿ ನಾಯಿಗಳಿಗೆ ಬರುವ ಡಿಸ್ಟೆಂಪರ್ ವೈರಸ್ ಇಲ್ಲಿನ ಸಿಂಹಗಳಿಗೂ ತಗುಲಿ ಹಲವು ಸತ್ತವು. ಎಲ್ಲವೂ ಒಂದೇ ಸೀಮೆಯಲ್ಲಿರುವಾಗ ಇಂಥ ರೋಗ ಎಲ್ಲಿಗೆ ಹೋಗಿ ನಿಲ್ಲುತ್ತದೋ! ಕೆಲವನ್ನು ಮಧ್ಯಪ್ರದೇಶದ ಕುನೋಗೆ ಸಾಗಿಸಿ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತ್ತು. ಸಿಂಹಕ್ಕೆಂದು ಸಜ್ಜಾದ ಆ ಕಾಡಿಗೆ 2022ರಲ್ಲಿ ಬಂದಿಳಿದದ್ದು ನಮೀಬಿಯಾದ ಚೀತಾ.

ಮರುವರ್ಷ ಗಂಡು ಸಿಂಹವೊಂದು ಪೋರಬಂದರ್ ಹತ್ತಿರದ ಬರ್ಡಾ ಗುಡ್ಡಗಳನ್ನು ತಾನಾಗಿಯೇ ಹುಡುಕಿಕೊಂಡು ಹೋಯಿತು. ಯಾರೂ ಸಾಗಿಸಿದ್ದಲ್ಲ, ನಡೆದೇ ಹೋದದ್ದು.