ಎರೆಮಣ್ಣಿನ ಮೊದಲ ಗುಟುಕನ್ನು ನಂಬಬೇಡಿ

ಪುಣೆಯ ಸೊಸೈಟಿಗಳಲ್ಲಿ ಇಂಗುಗುಂಡಿಯ ಮಾತೆತ್ತಿದರೆ ಸಾಕು, ಯಾರಾದರೂ ಏಪ್ರಿಲ್ ಬಿಸಿಲಲ್ಲಿ ನೆಲಕ್ಕೆ ಎರಡು ಬಕೆಟ್ ನೀರು ಸುರಿದು 'ನೋಡ್ರಿ, ಹ್ಯಾಂಗ ಗಟಗಟ ಕುಡೀತು' ಅನ್ನುತ್ತಾರೆ. ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತಿತೆಂದು ಬೋರ್ ಕೊರೆಸುವವರಿಗೂ ಇವರಿಗೂ ಹೆಚ್ಚು ವ್ಯತ್ಯಾಸವಿಲ್ಲ. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಇಲ್ಲಿ ನೆಲೆಸಿದವರಿಗಾದರೂ ಗೊತ್ತಿರಬೇಕು, ಬೇಸಿಗೆಯಲ್ಲಿ ಎರೆಭೂಮಿ, ಅಂದರೆ ಕಪ್ಪು ಜೇಡಿಮಣ್ಣಿನ ನೆಲ, ಬಾಯಿಬಿಡುತ್ತದೆ. ನೀರು ಹೋದದ್ದು ಬಿರುಕಿಗೆ. ಮಣ್ಣು ನೆನೆದು ಉಬ್ಬಿ ಬಿರುಕು ಮುಚ್ಚಿಕೊಂಡರೆ ಅದೇ ನೆಲದಲ್ಲಿ ಗಂಟೆಗೆ 1ರಿಂದ 5 ಮಿ.ಮೀ. ಇಂಗಿದರೆ ಹೆಚ್ಚು.

ಬಿರುಕಿಲ್ಲದ ಕಡೆಯೂ ಮೊದಲ ಅರ್ಧ ಗಂಟೆಯ ಲೆಕ್ಕ ನಂಬುವಂಥದ್ದಲ್ಲ. ಒಣ ಮಣ್ಣಿನ ಸೂಕ್ಷ್ಮ ರಂಧ್ರಗಳು ನೀರನ್ನು ಸೆಳೆಯುತ್ತವೆ. ಖಡಕ್ ರೊಟ್ಟಿಯ ಅಂಚು ಸಾರಿಗೆ ತಾಗಿದರೆ ಸಾರು ಮೇಲಕ್ಕೂ ಏರುತ್ತದಲ್ಲ, ಹಾಗೆ ಈ ಸೆಳೆತಕ್ಕೆ ದಿಕ್ಕಿಲ್ಲ; ಪಕ್ಕಕ್ಕೂ ಎಳೆಯುತ್ತದೆ. ನೆನೆದಂತೆಲ್ಲ ಸೆಳೆತ ಕುಗ್ಗಿ, ಕೊನೆಗೆ ಗುರುತ್ವದ್ದೇ ಕೆಲಸ. ಆಗ ಸಿಗುವ ಸ್ಥಿರ ವೇಗ ಇಂಗುಗುಂಡಿಯ ಲೆಕ್ಕಕ್ಕೆ ಬೇಕಾದ್ದು. ಗ್ರೀನ್ ಮತ್ತು ಆಂಪ್ಟ್ ಎಂಬ ಮಣ್ಣುವಿಜ್ಞಾನಿಗಳು 1911ರಲ್ಲೇ ಇದಕ್ಕೆ ಸಮೀಕರಣ ಬರೆದಿಟ್ಟರು. ಬಕೆಟ್ ಹಿಡಿದವರಿಗೆ ಸುದ್ದಿ ಇನ್ನೂ ಮುಟ್ಟಿಲ್ಲ.

ಪಕ್ಕಕ್ಕೆ ಸೋರುವುದನ್ನು ಲೆಕ್ಕದಿಂದ ಹೊರಗಿಡಲಿಕ್ಕೇ ಜೋಡಿ ಬಳೆ, ಅಂದರೆ ಇಂಗುವ ವೇಗ ಅಳೆಯಲು ಒಂದರೊಳಗೊಂದು ಕೂರಿಸುವ ತಗಡಿನ ಎರಡು ಬಳೆ, ಡಬಲ್ ರಿಂಗ್ ಇನ್‌ಫಿಲ್ಟ್ರೋಮೀಟರ್. ಒಳಬಳೆ 30 ಸೆಂ.ಮೀ. ಅಗಲ, ಹೊರಬಳೆ 60. ಮೇಲೆ ಹಲಗೆಯಿಟ್ಟು ಸುತ್ತಿಗೆಯಿಂದ ಸಮನಾಗಿ ಹೊಡೆದು 10 ಸೆಂ.ಮೀ. ಇಳಿಸಬೇಕು. ಒಂದೇ ಬದಿಗೆ ಹೊಡೆದರೆ ಬಳೆ ಓಲಾಡಿ, ತಗಡಿಗೂ ಮಣ್ಣಿಗೂ ನಡುವೆ ಸಂದಿ ಬಿದ್ದು ನೀರು ಅಲ್ಲಿಂದಲೇ ಜಾರುತ್ತದೆ. ಗೋಣಿತಾಟು ಹಾಸಿ ನೀರು ಹುಯ್ಯಿರಿ, ಇಲ್ಲವಾದರೆ ಮೇಲ್ಮಣ್ಣು ಕದಡಿ ರಂಧ್ರ ಕಟ್ಟಿಕೊಳ್ಳುತ್ತದೆ. ಎರಡರಲ್ಲೂ 10 ಸೆಂ.ಮೀ. ನಿಲ್ಲಿಸಲು ಸುಮಾರು 28 ಲೀಟರ್ ಬೇಕು. ಮಟ್ಟ ಎರಡರಲ್ಲೂ ಒಂದೇ ಇರಲಿ. ಹೆಚ್ಚುಕಡಿಮೆ ಆದರೆ ಒಂದರ ನೀರು ಬುಡದಡಿಯಿಂದ ಇನ್ನೊಂದಕ್ಕೆ ನುಸುಳುತ್ತದೆ. ಪಕ್ಕಕ್ಕೆ ಸೋರುವ ಪಾಲು ಹೊರಬಳೆಯ ನೀರಿನದು; ಅಳತೆ ಒಳಬಳೆಯದಷ್ಟೇ.

ಎರೆಯಲ್ಲಿ ಸ್ಕೇಲ್ ಕೈಕೊಡುತ್ತದೆ. ಗಂಟೆಗೆ 3 ಮಿ.ಮೀ. ಇಂಗುವಲ್ಲಿ 15 ನಿಮಿಷಕ್ಕೆ ಮುಕ್ಕಾಲು ಮಿಲಿಮೀಟರ್ ಇಳಿಯುತ್ತದೆ, ಅದು ಯಾವ ಕಣ್ಣಿಗೆ ಕಂಡೀತು? ಒಳಬಳೆಯಲ್ಲಿ ಒಂದು ಮೊಳೆ ನಿಲ್ಲಿಸಿ, ನೀರು ಮತ್ತೆ ಅದರ ತುದಿ ಮುಟ್ಟುವವರೆಗೆ ಅಳತೆಯ ಜಾಡಿಯಿಂದ ಹಾಕಿ. ಆ ಮುಕ್ಕಾಲು ಮಿ.ಮೀ. ಈಗ 53 ಮಿ.ಲೀ. ಆಗುತ್ತದೆ. ಸತತ ಮೂರು ಸಲ ಹೆಚ್ಚುಕಡಿಮೆ ಅಷ್ಟೇ ಹಿಡಿದರೆ ನಿಲ್ಲಿಸಬಹುದು. ನಡುವೆ ತಟ್ಟೆ ಮುಚ್ಚಿಡಿ, ಆವಿಯಾದದ್ದೂ ಇಂಗಿದ ಲೆಕ್ಕಕ್ಕೆ ಸೇರೀತು.

ಗೋವೆಯ ಕೆಂಪುಕಲ್ಲಿನ ಬಯಲಲ್ಲಿ ಬಳೆ ಇಳಿಯುವುದೇ ಇಲ್ಲ, ಹೊಡೆದರೆ ತಗಡೇ ಸೊಟ್ಟ. ಅಲ್ಲಿ ಕಲ್ಲಿನ ಮೇಲೆಯೇ ಇಟ್ಟು ಬುಡಕ್ಕೆ ಜೇಡಿ ಮೆತ್ತಬೇಕು.

ಇನ್ನು ಪುಣೆಯಲ್ಲಿ ಹಲವು ಕಡೆ ಎರೆಯ ಕೆಳಗೆ ಮೊರಂ, ಅಂದರೆ ಶಿಥಿಲಗೊಂಡ ಬಂಡೆಯ ಗರಸು, ಇರುತ್ತದೆ. ಇಂಗುಗುಂಡಿ 2 ಮೀಟರ್ ಆಳದ್ದಾದರೆ ಮೇಲ್ಮಣ್ಣಿನ ಅಳತೆ ಅದಕ್ಕೆ ಉಪಯೋಗಕ್ಕೆ ಬಾರದು. ಅಷ್ಟು ಆಳಕ್ಕಿಳಿದು, ಸನಿಕೆಯ ಅಲಗು ಸವರಿ ನುಣುಪಾದ ಪದರವನ್ನು ಕೆರೆದು ತೆಗೆದು, ಬಳೆಯನ್ನು ಅಲ್ಲೇ ಕೂರಿಸಬೇಕು.