ಐದನೇ ಕಾಲಂ ಎಲ್ಲಿ?

ಆ ತಾಯಿ ನೋಟ್ ಬುಕ್ ತಂದಿದ್ದರು. ಮೂರು ದಿನ ಮನೆಯಲ್ಲಿ ಯಾರು ಏನು ತಿಂದರು, ಎಷ್ಟು ಹೊತ್ತಿಗೆ ತಿಂದರು, ಬರೆದುಕೊಂಡು ಬನ್ನಿ ಅಂತ ಹಿಂದಿನ ಸಲ ನಾನೇ ಹೇಳಿ ಕಳಿಸಿದ್ದೆ. ಸ್ಕೇಲ್ ಇಟ್ಟು ನೀಟಾಗಿ ಗೆರೆ ಹಾಕಿದ್ದರು. ಗಂಡನಿಗೊಂದು ಕಾಲಂ, ಮಗಳಿಗೊಂದು, ಮಗನಿಗೊಂದು, ಅತ್ತೆಗೊಂದು. ಮಗ ಮಂಗಳವಾರ ಸಂಜೆ ಎರಡು ಬಿಸ್ಕತ್ತು ಜಾಸ್ತಿ ತಿಂದದ್ದೂ ದಾಖಲಾಗಿತ್ತು. ಅತ್ತೆಯ ಮಾತ್ರೆಯ ಟೈಮೂ ಇತ್ತು.

‘ನಿಮ್ಮದೆಲ್ಲಿ?’ ಅಂದೆ.

ಅವರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನಕ್ಕರು. ‘ನನ್ನದೇನು ಮೇಡಂ, ಉಳಿದದ್ದು ತಿಂತೀನಿ.’

ಬಂದದ್ದು ಮಗನಿಗೋಸ್ಕರ. ಏಳು ವರ್ಷದ ಹುಡುಗ, ತರಕಾರಿ ಮುಟ್ಟುವುದಿಲ್ಲ ಅನ್ನುವುದು ದೂರು. ಅಳೆದು ನೋಡಿದರೆ ಎತ್ತರ, ತೂಕ ಎರಡೂ ವಯಸ್ಸಿಗೆ ಸರಿಯಾಗೇ ಇತ್ತು. ಸುಸ್ತಾಗಿ ಕಂಡವರು ಅಮ್ಮ. ಮೆಟ್ಟಿಲು ಹತ್ತಿ ಬಂದು ಎರಡು ನಿಮಿಷ ಮಾತೇ ಆಡಿರಲಿಲ್ಲ. ಕಣ್ಣಿನ ಕೆಳರೆಪ್ಪೆ ಸ್ವಲ್ಪ ಎಳೆದು ನೋಡಿದೆ, ಒಳಗೆ ಬಿಳಚಿಕೊಂಡಿತ್ತು. ವೈದ್ಯರ ಹತ್ತಿರ ಕಳಿಸಿದೆ. ಹಿಮೋಗ್ಲೋಬಿನ್ 9.4 ಬಂತು. ಗರ್ಭಿಣಿಯಲ್ಲದ ಹೆಂಗಸರಿಗೆ ಇದು 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಅಂತ ಲೆಕ್ಕ. (ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಆ ಖಾಲಿ ಜಾಗವನ್ನು ಬದಲಿಸಿಲ್ಲ.)

ಇಷ್ಟು ವರ್ಷ ಡಯಟಿಷಿಯನ್ ಆಗಿ ಕೆಲಸ ಮಾಡಿದ ಮೇಲೆ ನನಗೊಂದು ಅಭ್ಯಾಸ ಆಗಿದೆ. ಮನೆಯ ಊಟ ಹೇಗಿದೆ ಅಂತ ತಿಳಿಯಬೇಕಾದರೆ ಮಕ್ಕಳ ಡಬ್ಬಿಯ ವಿಚಾರ ಆಮೇಲೆ. ಅಡುಗೆ ಮಾಡಿದವರು ನಿನ್ನೆ ಎಷ್ಟು ಗಂಟೆಗೆ ಊಟ ಮಾಡಿದರು, ಕೂತು ಮಾಡಿದರೋ ನಿಂತೋ, ಅದನ್ನು ಮೊದಲು ಕೇಳುತ್ತೇನೆ. ಅಮ್ಮನ ಊಟ ಹಳಿ ತಪ್ಪಿದ ಮನೆಯಲ್ಲಿ ಸ್ವಲ್ಪ ದಿನದಲ್ಲೇ ಉಳಿದವರ ಊಟವೂ ಪ್ಯಾಕೆಟ್ಟಿನ ಕಡೆ ತಿರುಗುವುದನ್ನು ಬೇಕಾದಷ್ಟು ಸಲ ನೋಡಿದ್ದೇನೆ. ಸುಸ್ತಾದ ಕೈ ಇನ್ನೇನು ಮಾಡುತ್ತದೆ ಹೇಳಿ?

‘ಅಡುಗೆ ಮಾಡೋದು ಕಷ್ಟವಲ್ಲ ಮೇಡಂ, ಏನು ಅಡುಗೆ ಅನ್ನೋದೇ ಕಷ್ಟ.’ ಇದನ್ನು ಆ ತಾಯಿಯೂ ಹೇಳಿದರು, ಬರುವವರೆಲ್ಲ ಹೇಳುತ್ತಾರೆ. ಸುಮ್ನೆ ಆಡುವ ಮಾತಲ್ಲ ಇದು. ಅಲಿಸನ್ ಡ್ಯಾಮಿಂಗರ್ ಎಂಬ ಸಮಾಜಶಾಸ್ತ್ರಜ್ಞೆ 35 ದಂಪತಿಗಳನ್ನು ಮಾತಾಡಿಸಿ 2019ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಮನೆ ನಡೆಸುವ ತಲೆಕೆಲಸವನ್ನು ಅವರು ನಾಲ್ಕು ತುಂಡು ಮಾಡಿ ನೋಡಿದ್ದಾರೆ. ಮುಂದೆ ಏನು ಬೇಕಾಗುತ್ತದೆ ಅಂತ ಮೊದಲೇ ಊಹಿಸುವುದು, ಅದಕ್ಕೆ ಏನೇನು ದಾರಿ ಇದೆ ಹುಡುಕುವುದು, ಒಂದನ್ನು ಆರಿಸುವುದು, ಆಮೇಲೆ ಅದು ನಡೆಯಿತೋ ಇಲ್ಲವೋ ಅಂತ ಕಣ್ಣಿಡುವುದು. ಆರಿಸುವ ಹೊತ್ತಿಗೆ ಗಂಡಂದಿರೂ ಜೊತೆಗಿರುತ್ತಿದ್ದರು. ಮೊದಲನೆಯದು ಮತ್ತು ಕೊನೆಯದು ಮಾತ್ರ ಹೆಚ್ಚಾಗಿ ಹೆಂಗಸರ ತಲೆ ಮೇಲೇ ಇತ್ತು.

ನಿಮ್ಮ ಅಡುಗೆಮನೆಗೇ ಇದನ್ನು ಹೊಂದಿಸಿ ನೋಡಿ. ಹಾಲು ನಾಳೆ ಬೆಳಿಗ್ಗೆಗೆ ಸಾಲುವುದಿಲ್ಲ ಅಂತ ಇವತ್ತು ಸಂಜೆಯೇ ಹೊಳೆಯುವುದು ಯಾರಿಗೆ? ಡಬ್ಬಿ ವಾಪಸ್ ಬಂದಾಗ ಮುಚ್ಚಳ ತೆಗೆದು ಎಷ್ಟು ಉಳಿದಿದೆ ಅಂತ ನೋಡುವುದು ಯಾರು? ಇದಕ್ಕೆಲ್ಲ ಗಡಿಯಾರ ಹಿಡಿದು ಲೆಕ್ಕ ಹಾಕುವವರಿಲ್ಲ. ಕೆಲಸ ಅಂತಲೂ ಯಾರಿಗೂ ಅನ್ನಿಸುವುದಿಲ್ಲ.

ಅದಕ್ಕೇ ನಾನು ಹೊಸ ರೆಸಿಪಿ ಕೊಡಲು ಹೋಗುವುದಿಲ್ಲ. ಇರುವ ಆಯ್ಕೆಗಳಲ್ಲೇ ಒಂದಷ್ಟನ್ನು ತೆಗೆದುಹಾಕುತ್ತೇನೆ. ಸೋಮವಾರ ಕಾಳು, ಮಂಗಳವಾರ ಬೇಳೆ ಮತ್ತು ಸೊಪ್ಪು, ಬುಧವಾರ ಮೊಟ್ಟೆ, ಗುರುವಾರ ಮತ್ತೆ ಕಾಳು, ಹೀಗೆ ವಾರಕ್ಕೊಂದು ಚೌಕಟ್ಟು. ಯಾವ ಕಾಳು, ಯಾವ ತರಕಾರಿ ಅನ್ನುವುದು ಆ ದಿನ ಮನೆಯಲ್ಲಿ ಇದ್ದದ್ದನ್ನು ನೋಡಿ. ‘ಅದೇ ಅದೇ ಆಗುತ್ತಲ್ಲ?’ ಅಂತ ಹೆಚ್ಚಿನವರು ಹೆದರುತ್ತಾರೆ. ಆಗಲಿ ಬಿಡಿ. ದಿನಾ ಹೊಸದು ಬೇಕು ಅನ್ನುವ ಆಸೆ ಹುಟ್ಟಿದ್ದು ಮೊಬೈಲ್ ನೋಡಿ, ಹೊಟ್ಟೆ ಅದನ್ನು ಕೇಳಿಲ್ಲ. ಕಾಳು, ಧಾನ್ಯ, ತರಕಾರಿ, ಹಣ್ಣು ವಾರದಲ್ಲಿ ಬೇರೆ ಬೇರೆ ಬಂದರೆ ಸಾಕು. ಒಂದೇ ದಿನ ಎಲ್ಲವೂ ತಟ್ಟೆಗೆ ಬರಬೇಕಾಗಿಲ್ಲ.

ಇಲ್ಲಿ ಒಂದು ಅಪ್ರಿಯ ಮಾತೂ ಹೇಳಬೇಕು. ಮನೆಯಲ್ಲಿ ಮಾಡಿದ್ದು ಅಂದ ಮಾತ್ರಕ್ಕೆ ಆರೋಗ್ಯಕ್ಕೆ ಒಳ್ಳೆಯದೇ ಆಗಿರಬೇಕು ಅಂತಿಲ್ಲ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ. ಆದರೆ ಅಡುಗೆ ಮಾಡುವಾಗ ಯಾರೂ ಚಮಚ ಎಣಿಸುವುದಿಲ್ಲ. ಆದ್ದರಿಂದ ನಾನು ಪ್ಯಾಕೆಟ್ ನೋಡಿ ಅನ್ನುತ್ತೇನೆ. ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೇ ತಾರೀಕು ಬರೆಯಿರಿ. ಐದು ಜನಕ್ಕೆ ತಲಾ 5 ಗ್ರಾಂ, 30 ದಿನ ಅಂದರೆ 750 ಗ್ರಾಂ. ಮಕ್ಕಳಿಗೆ ಇನ್ನೂ ಕಡಿಮೆ ಸಾಕು. ಒಂದು ಕಿಲೋ ಪ್ಯಾಕೆಟ್ ಮೂರು ವಾರಕ್ಕೇ ಖಾಲಿಯಾದರೆ ಕೈ ಜಾಸ್ತಿ ಆಡಿದೆ ಅಂತಲೇ ಅರ್ಥ. ಬಿಸ್ಕತ್ತು, ಸಾಸ್, ಚಿಪ್ಸಿನಲ್ಲಿ ಬರುವ ಉಪ್ಪು ಈ ಲೆಕ್ಕದೊಳಗೆ ಬಂದೇ ಇಲ್ಲ. ಎಣ್ಣೆ ಡಬ್ಬಿಗೂ ಹೀಗೇ ತಾರೀಕು ಹಾಕಬಹುದು. ಆ ತಾಯಿಯ ಮನೆಯಲ್ಲಿ ಉಪ್ಪು 22 ದಿನಕ್ಕೆ ಮುಗಿದಿತ್ತು. ಅತ್ತೆಗೆ ಬಿಪಿ ಮಾತ್ರೆ ಯಾಕೆ ಏರುತ್ತಾ ಹೋಗಿತ್ತು ಅನ್ನುವುದಕ್ಕೆ ಒಂದು ಎಳೆ ಅಲ್ಲಿ ಸಿಕ್ಕಿತು.

ಹಾಗಾದರೆ ಮನೆಯಲ್ಲಿ ಇಷ್ಟೆಲ್ಲ ಕಷ್ಟಪಟ್ಟು ಮಾಡುವುದು ಯಾಕೆ? ಕೆವಿನ್ ಹಾಲ್ ಮತ್ತು ಜೊತೆಗಾರರು ಅಮೆರಿಕದಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನಗೆ ಇಷ್ಟ. 20 ಜನರನ್ನು ನಾಲ್ಕು ವಾರ ಸಂಶೋಧನಾ ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ, ಬಹಳ ಸಂಸ್ಕರಿಸಿದ ಆಹಾರ. ಇನ್ನೆರಡು ವಾರ ಹೆಚ್ಚು ಸಂಸ್ಕರಿಸದ ಪದಾರ್ಥಗಳಿಂದ ಮಾಡಿದ ಊಟ. ಮುಂದಿಟ್ಟ ತಟ್ಟೆಯಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎಲ್ಲ ಹೆಚ್ಚುಕಡಿಮೆ ಸಮ. ಎಷ್ಟು ಬೇಕೋ ಅಷ್ಟು ತಿನ್ನಿ ಅಂದರು. ಮೊದಲನೆಯ ಬಗೆಯ ಊಟದಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ಎರಡೇ ವಾರದಲ್ಲಿ ಸರಾಸರಿ 0.9 ಕಿಲೋ ದಪ್ಪಗಾದರು. ಇನ್ನೊಂದರಲ್ಲಿ ಅಷ್ಟೇ ಇಳಿದರು. ಮೆತ್ತಗಿರುವುದು ಬೇಗ ಗಂಟಲಿಳಿಯುತ್ತದೆ, ಸಾಕು ಅನ್ನುವ ಸುದ್ದಿ ತಲೆಗೆ ಮುಟ್ಟುವ ಮೊದಲೇ ತಟ್ಟೆ ಖಾಲಿ. ಇದೊಂದು ಕಾರಣ ಇರಬೇಕು.

ಹಾಗಂತ ಎಲ್ಲವನ್ನೂ ಕೈಯಾರೆ ಮಾಡಬೇಕು ಅನ್ನುವ ಹಟ ಬೇಡ. ಫ್ರೀಜರಿನ ಬಟಾಣಿ ಒಳ್ಳೆಯ ಬಟಾಣಿಯೇ. ಡಬ್ಬಿಯಲ್ಲಿ ಬರುವ ಬೇಯಿಸಿದ ಕಾಳನ್ನು ತೊಳೆದು ಹಾಕಿದರೆ ಉಪ್ಪೂ ಸ್ವಲ್ಪ ಹೋಗುತ್ತದೆ. ಹೆಚ್ಚಿಟ್ಟ ತರಕಾರಿ ತಂದರೆ ಯಾವ ಪಾಪವೂ ಇಲ್ಲ. ನನಗೆ ಸಿಟ್ಟು ಬರುವುದು, ‘ನಮ್ಮ ಕಾಲದಲ್ಲಿ ಎಲ್ಲ ಮನೆಯಲ್ಲೇ ಮಾಡ್ತಿದ್ದೆವು’ ಅಂತ ಒಲೆ ಹತ್ತಿರವೂ ಸುಳಿಯದವರು ಉಪದೇಶ ಮಾಡಿದಾಗ.

ಈಗ ಆ ಹುಡುಗನ ತರಕಾರಿ. ಮಕ್ಕಳು ಒಂದು ಹೊಸ ರುಚಿಯನ್ನು ಒಪ್ಪಿಕೊಳ್ಳಬೇಕಾದರೆ 8–10 ಸಲ, ಕೆಲವರಿಗೆ 15 ಸಲ ರುಚಿ ನೋಡಿ ಆಗಬೇಕು. ಹೆಚ್ಚಿನ ಮನೆಗಳಲ್ಲಿ ಮೂರನೇ ಸಲಕ್ಕೇ ‘ಇವನಿಗೆ ಇದು ಸೇರಲ್ಲ’ ಅಂತ ತೀರ್ಪಾಗಿರುತ್ತದೆ. ಒಮ್ಮೆ ತೀರ್ಪಾಯಿತು ಅಂದರೆ ಆ ತರಕಾರಿ ಮತ್ತೆ ಅವನ ತಟ್ಟೆಗೆ ಬರುವುದೇ ಇಲ್ಲ. ಎಲಿನ್ ಸ್ಯಾಟರ್ ಎಂಬ ಅಮೆರಿಕದ ಆಹಾರ ತಜ್ಞೆ ಹೇಳಿದ ಕೆಲಸ ಹಂಚಿಕೆಯನ್ನೇ ನಾನೂ ಹೇಳಿಕೊಡುತ್ತೇನೆ. ಏನು, ಯಾವಾಗ, ಎಲ್ಲಿ ಅನ್ನುವುದು ದೊಡ್ಡವರದು. ತಿನ್ನಬೇಕೋ ಬೇಡವೋ, ಎಷ್ಟು ತಿನ್ನಬೇಕು ಅನ್ನುವುದು ಮಗುವಿನದು. ಮಗ ತಿನ್ನಲಿಲ್ಲ ಅಂತ ಇನ್ನೊಂದು ಅಡುಗೆ ಮಾಡುವುದು ಬೇಡ, ‘ಇನ್ನೊಂದು ತುತ್ತು, ಇನ್ನೊಂದು ತುತ್ತು’ ಅಂತ ಹಿಂದೆ ಓಡುವುದೂ ಬೇಡ. ಎರಡು ತುಂಡು ಕ್ಯಾರೆಟ್ ತಟ್ಟೆಯ ಬದಿಗಿಟ್ಟು ಸುಮ್ಮನಾಗಿ. ಹೇಳಲು ಸುಲಭ, ಗೊತ್ತು. ಸುಮ್ಮನಿರುವುದೇ ಇದರಲ್ಲಿ ಅತಿ ಕಷ್ಟದ ಭಾಗ. ನನ್ನ ಮಗಳು ಬದನೆಕಾಯಿಯನ್ನು ಎರಡು ವರ್ಷ ತಟ್ಟೆಯಂಚಿಗೆ ತಳ್ಳಿದಳು, ನಾನು ಎರಡು ವರ್ಷ ಹಲ್ಲು ಕಚ್ಚಿಕೊಂಡಿದ್ದೆ.

ಒಟ್ಟಿಗೆ ಮಾಡಿಟ್ಟುಕೊಳ್ಳುವುದರ ಬಗ್ಗೆ ಎಲ್ಲರೂ ಕೇಳುತ್ತಾರೆ. ಒಳ್ಳೆಯದೇ. ಆದರೆ ನನಗೆ ಪಾಠ ಕಲಿಸಿದ್ದು ನನ್ನದೇ ಅಡುಗೆಮನೆ. ಒಂದು ರಾತ್ರಿ ದೊಡ್ಡ ಪಾತ್ರೆ ತುಂಬ ಅನ್ನ ಮಾಡಿ, ಆರಲಿ ಅಂತ ಒಲೆ ಮೇಲೇ ಬಿಟ್ಟು ಮಲಗಿಬಿಟ್ಟೆ. ಬೆಳಿಗ್ಗೆ ಚೆನ್ನಾಗಿ ಬಿಸಿ ಮಾಡಿಯೇ ಬಡಿಸಿದೆ. ಮಧ್ಯಾಹ್ನದೊಳಗೆ ಮೂವರಿಗೆ ವಾಂತಿ. ಓದಿದವಳು ನಾನು, ನೆನಪಿರಬೇಕಿತ್ತು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು, ಕುದಿಸಿದರೂ ಅವು ಸಾಯುವುದಿಲ್ಲ. ಅನ್ನ ಬೆಚ್ಚಗೆ ಕೂತಿದ್ದಾಗ ಮೊಳೆತು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ಮಾಡಿದ ಅಡುಗೆ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಅಗಲ ತಟ್ಟೆಗೆ ತೆಳ್ಳಗೆ ಹರಡಿ ಬೇಗ ಆರಿಸಿ, ಚಿಕ್ಕ ಡಬ್ಬಿಗಳಿಗೆ ಹಾಕಿ ಫ್ರಿಜ್‌ಗೆ ಇಡಿ. ಫ್ರಿಜ್ 5 ಡಿಗ್ರಿಗಿಂತ ತಣ್ಣಗಿರಲಿ.

ಇನ್ನು ಅಮ್ಮನ ರಕ್ತ. ಮಾತ್ರೆ ವೈದ್ಯರು ಬರೆದರು, ಅದು ಅವರ ಕೆಲಸ. ನಾನು ನೋಡಿದ್ದು ಊಟ. ತಿಂಗಳು ತಿಂಗಳು ರಕ್ತ ಹೋಗುವುದರಿಂದ ಹೆಂಗಸರಿಗೆ ಕಬ್ಬಿಣ ಜಾಸ್ತಿ ಬೇಕು. ಅಮೆರಿಕದ ಪಟ್ಟಿಯಲ್ಲಿ 19ರಿಂದ 50 ವರ್ಷದ ಹೆಂಗಸಿಗೆ ದಿನಕ್ಕೆ 18 ಮಿಲಿಗ್ರಾಂ, ಗಂಡಸಿಗೆ 8. ಮನೆಯಲ್ಲಿ ನಡೆಯುವುದು ಪೂರ್ತಿ ತಿರುಗುಮುರುಗು. ಮೊಟ್ಟೆ ಮಕ್ಕಳಿಗೆ, ಕಾಳು ಗಂಡನಿಗೆ, ಅಡಿಯಲ್ಲಿ ಉಳಿದ ತಿಳಿ ಅಮ್ಮನಿಗೆ. ಮೇಲೆ ಒಂದು ಲೋಟ ಚಹಾ. ಚಹಾದಲ್ಲಿರುವ ಒಗರಿನ ಅಂಶ ಕಾಳು, ಸೊಪ್ಪಿನ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೈಗೆ ಸೇರಲು ಬಿಡುವುದಿಲ್ಲ. ಊಟಕ್ಕೂ ಚಹಾಕ್ಕೂ ಒಂದೆರಡು ಗಂಟೆ ಅಂತರ ಇರಲಿ ಅಂದೆ. ಕಾಳಿನ ಮೇಲೆ ನಿಂಬೆರಸ ಹಿಂಡಿದರೆ ಅದರ ಸಿ ವಿಟಮಿನ್‌ನಿಂದ ಕಬ್ಬಿಣ ಚೆನ್ನಾಗಿ ಹೀರಿಕೆಯಾಗುತ್ತದೆ. ಇದಕ್ಕೆ ಖರ್ಚೂ ಇಲ್ಲ, ಕಷ್ಟವೂ ಇಲ್ಲ. ಅವರಿಗೆ ಕಷ್ಟ ಅನ್ನಿಸಿದ್ದು ಇನ್ನೊಂದು ಮಾತು. ‘ಬಡಿಸುವಾಗ ನಿಮ್ಮ ತಟ್ಟೆಗೂ ಆಗಲೇ ಹಾಕಿಕೊಳ್ಳಿ. ಆಮೇಲೆ ಅಲ್ಲ.’ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಎಲ್ಲರಿಗೂ ಸಾಲದೇ ಹೋದರೆ?’ ಅಂದರು. ಸಾಲುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಾಗಲಿ, ನಾಳೆ ಒಂದು ಹಿಡಿ ಜಾಸ್ತಿ ನೆನೆಹಾಕಿ ಅಂದೆ.

ಮುಂದಿನ ಸಲ ಗಂಡನನ್ನೂ ಕರೆಸಿದೆ. ಪಾಪ, ಒಳ್ಳೆಯ ಮನುಷ್ಯ. ‘ಏನು ಮಾಡಬೇಕು ಅಂತ ಹೇಳಿದರೆ ನಾನೂ ಹೆಲ್ಪ್ ಮಾಡ್ತೀನಿ ಮೇಡಂ’ ಅಂದರು. ಹೇಳುವ ಕೆಲಸವೇ ಭಾರ ಅಂತ ವಿವರಿಸಲು ಹತ್ತು ನಿಮಿಷ ಬೇಕಾಯಿತು. ಈರುಳ್ಳಿ ಹೆಚ್ಚಿಕೊಡುವುದು ಬೇಡ, ಒಂದು ಇಡೀ ದಿನ ತೆಗೆದುಕೊಳ್ಳಿ ಅಂದೆ. ಆ ದಿನ ಏನು ಅಡುಗೆ, ಅದಕ್ಕೆ ಸಾಮಾನು ಇದೆಯೋ ಇಲ್ಲವೋ, ಡಬ್ಬಿಯಲ್ಲಿ ಎಷ್ಟು ವಾಪಸ್ ಬಂತು, ಎಲ್ಲ ನಿಮ್ಮದೇ. ಅವರು ಬುಧವಾರ ಒಪ್ಪಿಕೊಂಡರು, ಮಗಳನ್ನೂ ಜೊತೆಗೆ ಸೇರಿಸಿಕೊಂಡರು. ಅಮ್ಮನಿಗೆ ಆ ದಿನ ಒಂದೇ ನಿಯಮ. ತಿದ್ದಬಾರದು.

ಆರು ವಾರದ ಮೇಲೆ ನೋಟ್ ಬುಕ್ ಮತ್ತೆ ಬಂತು. ಗೆರೆಗಳು ಈಗ ಅಷ್ಟು ನೆಟ್ಟಗಿರಲಿಲ್ಲ. ಐದನೇ ಕಾಲಂ ಪುಟದ ಅಂಚಿಗೆ ಇಕ್ಕಟ್ಟಾಗಿ ಕೂತಿತ್ತು, ಎರಡು ಕಡೆ ಖಾಲಿಯೂ ಇತ್ತು. ಬುಧವಾರದ ಸಾಲಿನಲ್ಲಿ ಎಲ್ಲರಿಗೂ ಮೊಟ್ಟೆ.

‘ಮಗಳು ಬೇಯಿಸಿದ್ದು. ಒಲೆ ಮೇಲಿಟ್ಟು ಮರೆತೇಬಿಟ್ಟಿದ್ದಳು, ಹಳದಿ ಸುತ್ತ ಹಸಿರು ಬಂದಿತ್ತು’ ಅಂದರು ತಾಯಿ, ದನಿ ತಗ್ಗಿಸಿ. ‘ಕೆಟ್ಟಿರಲಿಲ್ಲ ಅಲ್ವಾ ಮೇಡಂ?’

ಇಲ್ಲ, ಜಾಸ್ತಿ ಬೆಂದರೆ ಬಿಳಿಯ ಗಂಧಕ, ಹಳದಿಯ ಕಬ್ಬಿಣ ಸೇರಿ ಹಾಗೆ ಬಣ್ಣ ಬರುತ್ತದೆ, ಏನೂ ಆಗಲ್ಲ ಅಂದೆ.

‘ನಾನೂ ಒಂದು ತಿಂದೆ’ ಅಂದರು. ‘ಬಿಸಿ ಇತ್ತು.’