ಓದುಗರ ಪ್ರಶ್ನೆ: ಅದೇ ಆಲ್ಬಮ್‌ನ ದುಬಾರಿ ಎಲ್‌ಪಿಯಲ್ಲಿ ನಿಜವಾಗಿ ಬೇರೆ ಏನು ಕೇಳಿಸುತ್ತದೆ?

ಪ್ರಶ್ನೆ: ಪಿಂಕ್ ಫ್ಲಾಯ್ಡ್ ತಂಡದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಎಲ್‌ಪಿ ತಗೊಳ್ಳಬೇಕು ಅಂತಿದ್ದೇನೆ. ಹೊಸದಕ್ಕೆ ಒಂದು ಬೆಲೆ. ಹಳೆಯ ‘ಆಡಿಯೋಫೈಲ್’ (ಧ್ವನಿಯ ಗುಣಕ್ಕೆ ಪ್ರಾಣ ಬಿಡುವವರಿಗೆಂದೇ ಒತ್ತಿದ) ಪ್ರೆಸ್ಸಿಂಗ್‌ಗೆ ಅದರ ಎಷ್ಟೋ ಪಟ್ಟು. ಹಾಡು ಅದೇ ಅಲ್ವಾ? ಅಷ್ಟು ದುಡ್ಡು ಕೊಟ್ಟರೆ ವ್ಯತ್ಯಾಸ ಕೇಳಿಸುತ್ತದಾ?

ಕೇಳಿಸುತ್ತದೆ. ಆದರೆ ಆ ವ್ಯತ್ಯಾಸ ಪ್ಲೇಟಿನ ತೂಕದಿಂದ ಬರುವುದಲ್ಲ, ಕವರ್ ಮೇಲಿನ ಸ್ಟಿಕ್ಕರ್‌ನಿಂದಲೂ ಅಲ್ಲ. ಯಾವ ಟೇಪಿನಿಂದ, ಯಾರು, ಹೇಗೆ ಆ ಗೆರೆಗಳನ್ನು ಕೊರೆದರು ಅನ್ನುವುದರಿಂದ ಬರುತ್ತದೆ. ಇದು ಗೊತ್ತಾದರೆ ಎಷ್ಟು ದುಡ್ಡು ಕೊಡಬೇಕು ಅನ್ನುವುದನ್ನು ನೀವೇ ಹೇಳಬಲ್ಲಿರಿ.

ಈ ಆಲ್ಬಮ್ ರೆಕಾರ್ಡ್ ಆಗಿದ್ದು 1972-73ರಲ್ಲಿ, ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ. ಎಂಜಿನಿಯರ್ ಆಲನ್ ಪಾರ್ಸನ್ಸ್. ಮಿಕ್ಸ್ ಮುಗಿದ ಮೇಲೆ ಕೈಗೆ ಬಂದದ್ದು ಒಂದು ಸ್ಟೀರಿಯೋ ಟೇಪು. ಅದನ್ನು ಓಡಿಸುತ್ತಾ, ಲ್ಯಾಕರ್ ಎಂಬ ಮೆತ್ತನೆಯ ಲೇಪ ಬಳಿದ ಅಲ್ಯೂಮಿನಿಯಂ ತಟ್ಟೆಯ ಮೇಲೆ ಗೆರೆ ಕೊರೆಯುತ್ತಾರೆ. ಆ ತಟ್ಟೆಯಿಂದ ಲೋಹದ ಅಚ್ಚು, ಅಚ್ಚಿನಿಂದ ನಾವು ಕೊಳ್ಳುವ ಪ್ಲೇಟು. ಹೀಗೆ ಒತ್ತಿ ತೆಗೆದ ಒಂದೊಂದು ಆವೃತ್ತಿಗೆ ‘ಪ್ರೆಸ್ಸಿಂಗ್’ ಅನ್ನುತ್ತಾರೆ. ಅಚ್ಚು ಸವೆದಷ್ಟೂ ಪ್ಲೇಟಿನ ಸೂಕ್ಷ್ಮ ಹೋಗುತ್ತದೆ. ಬೇರೆ ದೇಶಗಳಿಗೆ ಸಾಮಾನ್ಯವಾಗಿ ಮೂಲ ಟೇಪು ಹೋಗುತ್ತಿರಲಿಲ್ಲ, ಅದರ ನಕಲು ಹೋಗುತ್ತಿತ್ತು. ಟೇಪಿನಿಂದ ಟೇಪಿಗೆ ಇಳಿಸಿದಾಗಲೆಲ್ಲ ಸ್ವಲ್ಪ ‘ಸ್ಸ್’ ಸದ್ದು ಸೇರುತ್ತದೆ, ಸ್ವಲ್ಪ ಹೊಳಪು ಹೋಗುತ್ತದೆ.

ಕೊರೆಯುವವರ ಕೆಲಸ ಸುಲಭದ್ದಲ್ಲ. ಬೇಸ್ ಜಾಸ್ತಿ ಬಿಟ್ಟರೆ ಗೆರೆ ಅಗಲವಾಗುತ್ತದೆ, ಜಾಗ ಸಾಲುವುದಿಲ್ಲ. ಈ ಆಲ್ಬಮ್‌ನ ಎರಡನೇ ಬದಿ ಸುಮಾರು 23 ನಿಮಿಷ ಇದೆ. ಅಷ್ಟನ್ನು ಒಂದು ಬದಿಗೆ ಹಿಡಿಸಬೇಕಾದರೆ ಧ್ವನಿಯ ಮಟ್ಟ ತಗ್ಗಿಸಬೇಕು, ಇಲ್ಲವೇ ಬೇಸ್ ಕಡಿಮೆ ಮಾಡಬೇಕು. ಒಬ್ಬೊಬ್ಬ ಎಂಜಿನಿಯರ್ ಒಂದೊಂದು ದಾರಿ ಹಿಡಿಯುತ್ತಾರೆ. ಅದಕ್ಕೇ ಒಂದೇ ಹಾಡು ಒಂದೊಂದು ಪ್ಲೇಟಿನಲ್ಲಿ ಒಂದೊಂದು ಥರ ಕೇಳುವುದು.

ಇನ್ನೊಂದು ತೊಂದರೆ ಇದೆ, ಇದರ ಬಗ್ಗೆ ಮಾತಾಡುವವರು ಕಡಿಮೆ. ಪ್ಲೇಟು ತಿರುಗುವ ವೇಗ ಒಂದೇ, ನಿಮಿಷಕ್ಕೆ 33⅓ ಸುತ್ತು. ಆದರೆ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಓಡುತ್ತದೆ. ಒಳಗೆ, ಲೇಬಲ್ ಹತ್ತಿರ, ಸುಮಾರು 21 ಸೆಂಟಿಮೀಟರ್ ಮಾತ್ರ. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಒತ್ತೊತ್ತಾಗಿ ಕೂತಿರುತ್ತದೆ. ಈಗ ಈ ಆಲ್ಬಮ್ ನೋಡಿ. ಮೊದಲ ಬದಿಯ ಕೊನೆಗೆ ಕ್ಲೇರ್ ಟೋರಿ ಗಂಟಲು ಬಿಚ್ಚಿ ಹಾಡಿದ ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’. ಎರಡನೇ ಬದಿಯ ಕೊನೆಗೆ ಇಡೀ ತಂಡ ಏರುತ್ತಾ ಹೋಗುವ ‘ಎಕ್ಲಿಪ್ಸ್’. ಎರಡು ಬದಿಯಲ್ಲೂ ಎದೆ ತುಂಬುವ ಜಾಗ ಬಂದು ಕೂತಿರುವುದು ಪ್ಲೇಟಿನ ಅತಿ ಕಷ್ಟದ ಜಾಗದಲ್ಲಿ. ಒಳ್ಳೆಯ ಪ್ರೆಸ್ಸಿಂಗ್ ಯಾವುದು ಅಂತ ಗೊತ್ತಾಗುವುದು ಅಲ್ಲೇ.

ಹೆಸರಾದ ಪ್ರೆಸ್ಸಿಂಗ್‌ಗಳಿಗೆ ಬರೋಣ. ಎಲ್ಲರೂ ಹುಡುಕುವುದು 1973ರ ಮೊದಲ ಬ್ರಿಟಿಷ್ ಪ್ರೆಸ್ಸಿಂಗ್. ಹಾರ್ವೆಸ್ಟ್ ಬ್ರ್ಯಾಂಡಿನದ್ದು, ನಂಬರ್ ಎಸ್‌ಎಚ್‌ವಿಎಲ್ 804. ಲೇಬಲ್ ಮೇಲಿನ ತ್ರಿಕೋನ ಪೂರ್ತಿ ತಿಳಿನೀಲಿ ತುಂಬಿರುತ್ತದೆ, ಆಮೇಲಿನವುಗಳಲ್ಲಿ ಬರೀ ಗೆರೆಯ ತ್ರಿಕೋನ. ಇದರ ಬೆಲೆಯಲ್ಲಿ ಅಪರೂಪಕ್ಕೆ ಕೊಡುವ ದುಡ್ಡೇ ದೊಡ್ಡ ಪಾಲು. ಬರೀ ಕೇಳುವುದಕ್ಕೆ ಅಂತಾದರೆ ಎಪ್ಪತ್ತರ ದಶಕದ್ದೇ ಆದ, ಆಮೇಲೆ ಬಂದ ಬ್ರಿಟಿಷ್ ಪ್ರೆಸ್ಸಿಂಗ್ ಸಾಕು ಅನ್ನುವುದು ನನ್ನ ಅನುಭವ.

1979ರಲ್ಲಿ ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿ ಇದನ್ನು ‘ಹಾಫ್ ಸ್ಪೀಡ್’ನಲ್ಲಿ ಹೊರತಂದಿತು. ಕೊರೆದವರು ಸ್ಟ್ಯಾನ್ ರಿಕರ್. ಟೇಪನ್ನೂ ಕೊರೆಯುವ ಯಂತ್ರವನ್ನೂ ಅರ್ಧ ವೇಗದಲ್ಲಿ ಓಡಿಸುತ್ತಾರೆ. 20,000 ಹರ್ಟ್ಸ್‌ನ ಸದ್ದು ಯಂತ್ರದ ಪಾಲಿಗೆ 10,000 ಹರ್ಟ್ಸ್ ಆಗುತ್ತದೆ, ಕೊರೆಯುವ ಮೊನೆಗೆ ಎರಡು ಪಟ್ಟು ಸಮಯ ಸಿಗುತ್ತದೆ. ಅದಕ್ಕೇ ಮೇಲಿನ ಸ್ವರಗಳು ಬಿಡಿಬಿಡಿಯಾಗಿ, ಸಲೀಸಾಗಿ ಬರುತ್ತವೆ. ಪ್ಲೇಟು ಒತ್ತಿದ್ದು ಜಪಾನಿನ ಜೆವಿಸಿ, ತುಂಬಾ ನಿಶ್ಶಬ್ದವಾದ ವಿನೈಲ್‌ನಲ್ಲಿ.

ಆ ನಿಶ್ಶಬ್ದ ಈ ಆಲ್ಬಮ್‌ಗೆ ಬೇಕೇ ಬೇಕು. ಇದು ಶುರುವಾಗುವುದೇ ಎದೆಬಡಿತದಿಂದ. ಬರೀ ಕತ್ತಲು, ಅದರೊಳಗಿಂದ ‘ಡುಬ್... ಡುಬ್...’ ಅಂತ ಮೆಲ್ಲಗೆ ಹತ್ತಿರ ಬರುವ ಸದ್ದು. ಪ್ಲೇಟು ಚಟಪಟ ಅಂದರೆ ಆ ಕತ್ತಲೇ ಹೋಯಿತು. ಜಯನಗರದ ಗೆಳೆಯರೊಬ್ಬರ ಮನೆಯಲ್ಲಿ ಈ ಮೊಬೈಲ್ ಫಿಡೆಲಿಟಿ ಪ್ರತಿಯನ್ನು ಮೊದಲ ಸಲ ಕೇಳಿದಾಗ ಪ್ಲೇಟು ತಿರುಗುತ್ತಿದೆಯೋ ಇಲ್ಲವೋ ಅಂತ ಬಗ್ಗಿ ನೋಡಿದ್ದೆ. ಆಮೇಲೆ ‘ಟೈಮ್’ ಹಾಡಿನ ಗಡಿಯಾರಗಳು. ಆಲನ್ ಪಾರ್ಸನ್ಸ್ ಹಳೆಯ ಗಡಿಯಾರಗಳ ಅಂಗಡಿಗೆ ಹೋಗಿ ಒಂದೊಂದನ್ನೂ ಬೇರೆಬೇರೆಯಾಗಿ ರೆಕಾರ್ಡ್ ಮಾಡಿ ತಂದದ್ದು. ಸಾಧಾರಣ ಪ್ಲೇಟಿನಲ್ಲಿ ಅವೆಲ್ಲ ಒಟ್ಟಿಗೆ ಒಂದು ಗದ್ದಲ. ಇದರಲ್ಲಿ ದೊಡ್ಡ ಗಂಟೆ ಯಾವುದು, ಸಣ್ಣ ಅಲಾರಂ ಯಾವುದು ಅಂತ ಬೆರಳಿಟ್ಟು ತೋರಿಸಬಹುದಿತ್ತು. ಆದರೂ ಒಂದು ಮಾತು. ‘ಮನಿ’ ಹಾಡಿನ ಬೇಸ್ ಗಿಟಾರಿಗೆ ಬ್ರಿಟಿಷ್ ಪ್ಲೇಟಿನಲ್ಲಿರುವ ಗಟ್ಟಿತನ ಇದರಲ್ಲಿ ನನ್ನ ಕಿವಿಗೆ ಸಿಗಲಿಲ್ಲ. ರಾಕ್ ಸಂಗೀತಕ್ಕೆ ಆ ಗಟ್ಟಿತನ ಬೇಕು ಅನ್ನುವವರು ಇದಕ್ಕೆ ದೊಡ್ಡ ಮೊತ್ತ ಕೊಡುವುದು ಬೇಡ.

2016ರಲ್ಲಿ ಬಂದ ಹೊಸ ಪ್ರೆಸ್ಸಿಂಗನ್ನು ಎಂಜಿನಿಯರ್‌ಗಳಾದ ಜೇಮ್ಸ್ ಗತ್ರಿ, ಜೋಯಲ್ ಪ್ಲಾಂಟ್, ಬರ್ನೀ ಗ್ರಂಡ್‌ಮನ್ ಸಿದ್ಧ ಮಾಡಿದ್ದಾರೆ. ಮೊದಲ ಸಲ ತಗೊಳ್ಳುವವರಿಗೆ ನಾನು ಹೇಳುವುದು ಇದನ್ನೇ. ಸಮತೂಕದ ಧ್ವನಿ, ಗೀರಿಲ್ಲದ ಪ್ಲೇಟು. ನಮ್ಮ ದೇಶದಲ್ಲೂ ಕೋಲ್ಕತ್ತಾದ ದಮ್‌ದಮ್ ಕಾರ್ಖಾನೆಯಲ್ಲಿ ಈ ಆಲ್ಬಮ್ ಒತ್ತಿದ್ದರು. ಚೆನ್ನಾಗಿ ಇಟ್ಟುಕೊಂಡ ಪ್ರತಿ ಕಂಡರೆ ಬಿಡಬೇಡಿ. ಆದರೆ ಹಳೆ ಸಾಮಾನಿನ ಅಂಗಡಿಗಳಲ್ಲಿ ಸಿಗುವ ಹೆಚ್ಚಿನವು ಗೀರು ಬಿದ್ದು ಸುಸ್ತಾಗಿರುತ್ತವೆ.

180 ಗ್ರಾಂ ಅನ್ನುವ ಮಾತಿಗೆ ಮರುಳಾಗಬೇಡಿ. ಸಾಮಾನ್ಯ ಪ್ಲೇಟು 120ರಿಂದ 140 ಗ್ರಾಂ ಇರುತ್ತದೆ. ಗೆರೆ ಇರುವುದು ಮೇಲ್ಮೈಯಲ್ಲಿ, ಕೆಳಗೆ ಎಷ್ಟು ದಪ್ಪ ವಿನೈಲ್ ಇದ್ದರೂ ಅದರೊಳಗಿನ ಸಂಗೀತ ಬದಲಾಗುವುದಿಲ್ಲ. ನಾನೂ ಒಮ್ಮೆ ಆ ಸ್ಟಿಕ್ಕರ್ ನೋಡಿ ಒಂದು ರಾಕ್ ಎಲ್‌ಪಿ ತಂದೆ. ಭಾರವಾದ ಪ್ಲೇಟು, ಚೆಂದದ ಕವರ್. ಹಾಕಿದರೆ ಕಂಬಳಿ ಹೊದ್ದುಕೊಂಡು ಹಾಡಿದ ಹಾಗಿತ್ತು. ಯಾರು ಕೊರೆದರು, ಯಾವ ಟೇಪು ಅನ್ನುವ ಒಂದಕ್ಷರವೂ ಅದರ ಮೇಲೆಲ್ಲೂ ಇರಲಿಲ್ಲ.

ಅಂದಿನಿಂದ ನಾನು ಮೊದಲು ನೋಡುವುದು ಲೇಬಲ್ಲಿಗೂ ಕೊನೆಯ ಗೆರೆಗೂ ನಡುವಿನ ಖಾಲಿ ಜಾಗ. ಪ್ಲೇಟಿನ ಅಂಚು ಮತ್ತು ಲೇಬಲ್ ಮಾತ್ರ ಹಿಡಿದು ಟ್ಯೂಬ್‌ಲೈಟ್ ಕೆಳಗೆ ಓರೆ ಮಾಡಿ. ಮೊದಲು ಬರೀ ಕಪ್ಪು ಕಾಣುತ್ತದೆ, ಸ್ವಲ್ಪ ತಿರುಗಿಸಿದರೆ ಅಕ್ಷರಗಳು ಹೊಳೆಯುತ್ತವೆ. ಮೊದಲ ಬ್ರಿಟಿಷ್ ಪ್ರತಿಯಲ್ಲಿ ಎ-2, ಬಿ-2 ಅಂತ ಇರುತ್ತದೆ, ಅಂದರೆ ಯಾವ ಬದಿ, ಎಷ್ಟನೇ ಸಲ ಕೊರೆದದ್ದು ಅಂತ. ಎಷ್ಟೋ ಎಂಜಿನಿಯರ್‌ಗಳು ಅಲ್ಲಿ ಕೈಯಲ್ಲೇ ತಮ್ಮ ಹೆಸರಿನ ಮೊದಲ ಅಕ್ಷರ ಗೀಚಿರುತ್ತಾರೆ. ಮಾರುವವರನ್ನು ಆ ಜಾಗದ ಫೋಟೋ ಕೇಳಿ. ಸಂಕೋಚ ಬೇಡ.

ಎರಡು ಪ್ಲೇಟು ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಕೊಳ್ಳುವುದನ್ನು ಮರೆಯಬೇಡಿ. ಚೂರು ಜೋರಾಗಿ ಕೇಳಿದ್ದೇ ನಮ್ಮ ಕಿವಿಗೆ ಚೆನ್ನಾಗಿ ಕೇಳುತ್ತದೆ, ಅದು ಪ್ಲೇಟಿನ ಗುಣ ಅಲ್ಲ.

ಇನ್ನು ದುಡ್ಡು ಬಿಚ್ಚುವ ಮೊದಲು ಒಂದು ಕೆಲಸ ಮಾಡಿ. ಯಾರದ್ದಾದರೂ ಸಾಧಾರಣ ಪ್ರತಿ ಎರವಲು ತಂದು ‘ಎಕ್ಲಿಪ್ಸ್’ ಹಾಕಿ. ಕೊನೆಗೆ ಎಲ್ಲ ವಾದ್ಯ ನಿಂತು ಮತ್ತೆ ಅದೇ ಎದೆಬಡಿತ ಉಳಿಯುತ್ತದೆ. ಅಲ್ಲಿಗೆ ಬರುವಷ್ಟರಲ್ಲಿ ದನಿಗಳು ಒಡೆದು ಕರಕರ ಅಂದರೆ ಸುಮ್ನೆ ಪ್ಲೇಟನ್ನು ಬೈಯಬೇಡಿ. ಮುಳ್ಳು ಸವೆದಿರಬಹುದು, ಮುಳ್ಳನ್ನು ಹಿಡಿದಿರುವ ಕಾರ್ಟ್ರಿಜ್ ಓರೆಯಾಗಿ ಕೂತಿರಬಹುದು. ಮೊದಲು ಅದನ್ನು ಸರಿ ಮಾಡಿಸಿ, ಅದೇ ಪ್ಲೇಟನ್ನು ಮತ್ತೆ ಕೇಳಿ. ಆಮೇಲೂ ದುಬಾರಿಯದ್ದು ಬೇಕು ಅನ್ನಿಸಿದರೆ ಖಂಡಿತ ತಗೊಳ್ಳಿ.